ಗೇನರ್ ಡಬ್ಬ, ಹುರುಳಿ ಕಟ್ಟು, ಒಂದು ರಕ್ತ ಪರೀಕ್ಷೆ: ಮದ್ದೂರು ಕಡೆಯ ಹುಡುಗನ ಪ್ರಕರಣ

ಹುಡುಗನ ವಯಸ್ಸು 21. ಎತ್ತರ 172 ಸೆಂ.ಮೀ., ತೂಕ 54 ಕೆ.ಜಿ. ಊರು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಒಂದೂವರೆ ಎಕರೆ ಕಬ್ಬು, ಊಟಕ್ಕಾಗುವಷ್ಟು ಭತ್ತ ಮತ್ತು ರಾಗಿ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಓದುತ್ತಿದ್ದದ್ದು ಮಂಡ್ಯದಲ್ಲಿ, ಡಿಗ್ರಿ ಕೊನೆಯ ವರ್ಷ. ಕಾಲೇಜು ಮುಗಿಸಿ ಸಂಜೆ ಅಲ್ಲೇ ಜಿಮ್‌ಗೆ ಹೋಗಿ, ರಾತ್ರಿ ಬಸ್ಸಿಗೆ ಊರು ಸೇರುತ್ತಿದ್ದ. ಜಿಮ್ ಸೇರಿ ಐದು ತಿಂಗಳಾಗಿತ್ತು. ಏರಿದ ತೂಕ ಒಂದು ಕಿಲೋಗೂ ಕಡಿಮೆ. ತೂಕ ಏರಿಸುವ ಗೇನರ್ ಪುಡಿ, ಮೈ ಬೆಳೆಸುವ ಇತರ ಪುಡಿಗಳ ಡಬ್ಬಗಳಿಗೆ ಸುರಿದ ದುಡ್ಡು ಹದಿನೆಂಟು ಸಾವಿರದ ಮೇಲೆ. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.)

ಅವನು ಮೈಸೂರಿಗೆ ನನ್ನ ಹತ್ತಿರ ಬಂದದ್ದು ಮೈ ಬೆಳೆಸುವ ಸಲಹೆ ಕೇಳೋಕಲ್ಲ. ಕೈಯಲ್ಲಿ ಒಂದು ಲ್ಯಾಬ್ ರಿಪೋರ್ಟ್ ಇತ್ತು. ಜೊತೆಗೆ ತಾಯಿ ಬಂದಿದ್ದರು. "ಪುಡಿ ತಿಂದು ಕಿಡ್ನಿನೂ ಲಿವರ್ರೂ ಎಲ್ಡೂ ಹೋಗವೆ ಅಂತವ್ರೆ ಮೇಡಂ" ಎಂದು ಕೂರುವ ಮೊದಲೇ ಹೇಳಿದರು. ಹಾಗೆ ಹೇಳಿದ್ದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನೆಂಟರೊಬ್ಬರು. ನಾನು ಆಹಾರ ಸಲಹೆ ಕೊಡುವವಳು, ವೈದ್ಯೆ ಅಲ್ಲ. ಹಾಗಾಗಿ ರಿಪೋರ್ಟನ್ನು ಮೊದಲು ಪರಿಚಯದ ಫಿಜಿಷಿಯನ್ ಒಬ್ಬರಿಗೆ ತೋರಿಸಲು ಹೇಳಿದೆ. ಊಟದ ಲೆಕ್ಕ ನನ್ನದು, ರಕ್ತದ ಲೆಕ್ಕ ಅವರದು ಎಂದು ಹಂಚಿಕೊಂಡೆವು. ಈ ಬರಹದಲ್ಲಿ ರಕ್ತದ ಬಗ್ಗೆ ಇರುವುದು ಅವರು ವಿವರಿಸಿದ ಮಾತು.

ರಿಪೋರ್ಟ್ ಏನು ಹೇಳುತ್ತಿತ್ತು

ಕಿಡ್ನಿಯ ಕೆಲಸ ತಿಳಿಯಲು ನೋಡುವ ಕ್ರಿಯಾಟಿನಿನ್ 1.42. ಲ್ಯಾಬ್ ಕೊಟ್ಟಿದ್ದ ಮಿತಿ 1.3. ಅದರ ಮೇಲೆ ಲೆಕ್ಕ ಹಾಕಿ ಕಿಡ್ನಿ ಸೋಸುವ ವೇಗ 72 ಎಂದು ಮುದ್ರಿಸಿದ್ದರು. ಲಿವರ್ ನೋಡುವ ಪರೀಕ್ಷೆಗಳಲ್ಲಿ ಎಸ್‌ಜಿಒಟಿ 118, ಎಸ್‌ಜಿಪಿಟಿ 84. ಎರಡಕ್ಕೂ ಮಿತಿ 40. ಮೂರರ ಮುಂದೆಯೂ ದಪ್ಪ ಅಕ್ಷರ, ಮೇಲ್ಮುಖದ ಬಾಣ. ಗಾಬರಿ ಆಗದೆ ಇನ್ನೇನಾಗುತ್ತದೆ?

ಆದರೆ ಅದೇ ಹಾಳೆಯಲ್ಲಿ ಲಿವರ್‌ನ ಬೇರೆ ಸಾಲುಗಳೂ ಇದ್ದವು. ಬಿಲಿರುಬಿನ್ ಸರಿಯಿತ್ತು. ಜಿಜಿಟಿ 22, ಅದೂ ಸರಿಯಿತ್ತು. ಆಲ್ಕಲೈನ್ ಫಾಸ್ಫಟೇಸ್ ಕೂಡ ಸರಿ. ಈ ಸಾಲುಗಳನ್ನು ಯಾರೂ ನೋಡಿರಲಿಲ್ಲ. ಬಾಣ ಇಲ್ಲದ ಸಾಲನ್ನು ಯಾರು ನೋಡ್ತಾರೆ, ಅಲ್ವಾ?

ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಡಬ್ಬದ ಬಗ್ಗೆ ಆಗಿರಲಿಲ್ಲ. "ರಕ್ತ ಕೊಡೋಕೆ ಮುಂಚೆ ಎರಡು ದಿನ ಏನೇನು ಮಾಡಿದೆಯಪ್ಪ?" ಎಂದು ಕೇಳಿದರು. ಆಗ ಒಂದೊಂದೇ ಹೊರಗೆ ಬಂತು. ಕಾಲೇಜಿನ ಪರೀಕ್ಷೆ ಎಂದು ಎರಡು ವಾರ ಜಿಮ್ ಬಿಟ್ಟಿದ್ದ. ಶನಿವಾರ ವಾಪಸ್ ಹೋದವನು ಬಿಟ್ಟಿದ್ದನ್ನೆಲ್ಲ ಒಂದೇ ದಿನ ತೀರಿಸುವವನ ಹಾಗೆ ಸ್ಕ್ವಾಟ್, ಲಂಜಸ್, ಲೆಗ್ ಪ್ರೆಸ್ ಎಲ್ಲ ಮಾಡಿದ್ದ. ಭಾನುವಾರ ಎದ್ದು ನಿಲ್ಲಲೂ ಆಗದಷ್ಟು ತೊಡೆ ನೋವು. ಅವತ್ತು ರಾತ್ರಿ ಮನೆಯಲ್ಲಿ ಮಟನ್ ಸಾರು, ಚೆನ್ನಾಗಿಯೇ ತಿಂದಿದ್ದ. ಸೋಮವಾರ ಮಗ ಬಸ್ಸಿನ ಮೆಟ್ಟಿಲು ಹತ್ತಲಾರದ್ದನ್ನು ಕಂಡು ಅಪ್ಪ ಹೆದರಿ, ಖಾಲಿ ಹೊಟ್ಟೆಯಲ್ಲಿ ಕರೆದೊಯ್ದು 'ಫುಲ್ ಬಾಡಿ ಚೆಕಪ್' ಮಾಡಿಸಿದ್ದರು. ಇದರ ಮೇಲೆ ಅವನು ಟ್ರೈನರ್ ಮಾತಿನಂತೆ ದಿನಕ್ಕೆ 20 ಗ್ರಾಂ ಕ್ರಿಯೇಟಿನ್ ಎಂಬ ಪುಡಿ ಕುಡಿಯುತ್ತಿದ್ದ. ನೀರು ಮಾತ್ರ ಕುಡಿಯುತ್ತಿದ್ದದ್ದು ಕಡಿಮೆ.

ಎಸ್‌ಜಿಒಟಿ, ಎಸ್‌ಜಿಪಿಟಿಗಳನ್ನು ಜನ ಲಿವರ್ ಕಿಣ್ವ ಎಂದೇ ಕರೆಯುತ್ತಾರೆ. ಆದರೆ ಎರಡೂ ಮಾಂಸಖಂಡದಲ್ಲೂ ಇವೆ. ಅಭ್ಯಾಸ ತಪ್ಪಿದವನು ಒಮ್ಮೆಲೇ ಭಾರ ಎತ್ತಿದರೆ ಸ್ನಾಯುವಿನ ಎಳೆಗಳು ಸಣ್ಣಗೆ ಹರಿದು ಅವು ರಕ್ತಕ್ಕೆ ಸೋರುತ್ತವೆ. ಇಳಿಯಲು ವಾರಕ್ಕೂ ಹೆಚ್ಚು ಬೇಕಾಗಬಹುದು. ಜಿಜಿಟಿ ಸ್ನಾಯುವಿನಿಂದ ಬರುವುದಿಲ್ಲ. ಹಾಗಾಗಿ ಅದು ನೆಟ್ಟಗಿದ್ದು ಉಳಿದೆರಡು ಏರಿದ್ದರೆ ಮೊದಲ ಅನುಮಾನ ಸ್ನಾಯುವಿನ ಮೇಲೆ. ಖಚಿತ ಮಾಡಿಕೊಳ್ಳಲು ಸಿಪಿಕೆ ಎಂಬ ಪರೀಕ್ಷೆ ಮಾಡಿಸಿದರು. ಇನ್ನೂರರ ಆಸುಪಾಸಿನಲ್ಲಿರಬೇಕಾದ್ದು 2,900 ಇತ್ತು. ಅದು ಸ್ನಾಯುವಿನದ್ದೇ ಗುರುತು.

ಕ್ರಿಯಾಟಿನಿನ್ ಕತೆ ಇನ್ನೂ ಸರಳ. ಕ್ರಿಯೇಟಿನ್ ಎಂಬ ಸಪ್ಲಿಮೆಂಟ್ ಮೈಯಲ್ಲಿ ಒಡೆದರೆ ಆಗುವುದೇ ಕ್ರಿಯಾಟಿನಿನ್. ಬೇಯಿಸಿದ ಮಾಂಸದಲ್ಲೂ ಅದು ಇರುತ್ತದೆ. ಪುಡಿ, ಮಟನ್, ನೀರಿನ ಕೊರತೆ ಮೂರೂ ಸೇರಿ ಸಂಖ್ಯೆ ಮೇಲೆ ಹೋಗಿತ್ತು. ಕಿಡ್ನಿ ಸೋಸುವ ವೇಗವನ್ನು ಲ್ಯಾಬ್ ಲೆಕ್ಕ ಹಾಕುವುದು ಇದೇ ಸಂಖ್ಯೆಯಿಂದ, ಅದಕ್ಕೇ ಅದೂ ಕೆಳಗಿಳಿದು ಕಂಡಿತು. ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಕ್ರಿಯೇಟಿನ್ ಪುಡಿಗೂ ಮಟನ್‌ಗೂ ಅಲುಗಾಡುವುದಿಲ್ಲ. ಹತ್ತು ದಿನ ಜಿಮ್ ಬೇಡ, ಕ್ರಿಯೇಟಿನ್ ಬೇಡ, ನೀರು ಚೆನ್ನಾಗಿ ಕುಡಿ ಎಂದು ಹೇಳಿ ಮತ್ತೆ ಮಾಡಿಸಿದಾಗ ಸಿಸ್ಟಾಟಿನ್ ಸಿ ಸರಿಯಿತ್ತು. ಕ್ರಿಯಾಟಿನಿನ್ 1.1ಕ್ಕೆ, ಎಸ್‌ಜಿಒಟಿ 31ಕ್ಕೆ ಬಂದಿತ್ತು. ಮೂತ್ರ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ.

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಜಿಮ್ ಮಾಡುವವನ ರಿಪೋರ್ಟ್‌ನಲ್ಲಿ ಬಾಣ ಇದ್ದರೆ ಅದೆಲ್ಲ ಸುಳ್ಳು ಎಂದಲ್ಲ. ವ್ಯಾಯಾಮದ ಮಾರನೇ ದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಸ್ನಾಯು ಊದಿ ಕೈಕಾಲು ಅಲ್ಲಾಡಿಸಲಾಗದಿದ್ದರೆ ಅದು ಆಸ್ಪತ್ರೆಗೆ ಅವತ್ತೇ ಓಡಬೇಕಾದ ವಿಷಯ. ಸ್ನಾಯು ವಿಪರೀತ ಒಡೆದಾಗ ಅದರ ಕಸವೇ ಕಿಡ್ನಿಗೆ ಕಟ್ಟಿಕೊಳ್ಳುತ್ತದೆ. ಈ ಹುಡುಗನಿಗೆ ಅದಾಗಿರಲಿಲ್ಲ. ಹಾಗೆಯೇ ಮೊದಲೇ ಕಿಡ್ನಿ ಕಾಯಿಲೆ, ಸಕ್ಕರೆ ಕಾಯಿಲೆ, ಬಿಪಿ ಇರುವವರು ಪ್ರೋಟೀನ್ ಜಾಸ್ತಿ ಮಾಡುವ ಮುನ್ನ ತಮ್ಮ ಡಾಕ್ಟರನ್ನು ಕೇಳಬೇಕು. ಮುಂದಿನ ಲೆಕ್ಕವೆಲ್ಲ ಆರೋಗ್ಯವಾಗಿರುವ ಹುಡುಗನದ್ದು.

ತಟ್ಟೆಯ ಲೆಕ್ಕ

ಮೂರು ದಿನ ತಿಂದದ್ದನ್ನೆಲ್ಲ ಬರೆದು ತರಲು ಹೇಳಿದೆ. ಬೆಳಗ್ಗೆ ಟೀ, ಎರಡು ಬಿಸ್ಕತ್ತು. ಕಾಲೇಜಿನ ಹತ್ತಿರ ಒಂದು ಪ್ಲೇಟ್ ಚಿತ್ರಾನ್ನ, ಕೆಲವು ದಿನ ಅದೂ ಇಲ್ಲ. ಮಧ್ಯಾಹ್ನ ಡಬ್ಬಿಯ ಅನ್ನ ಸಾರು. ಜಿಮ್ ಮುಗಿಸಿ ಗೇನರ್. ರಾತ್ರಿ ಒಂಬತ್ತರ ಮೇಲೆ ಮನೆಯಲ್ಲಿ ಮುದ್ದೆ, ಸಾರು, ಸ್ವಲ್ಪ ಅನ್ನ ಮಜ್ಜಿಗೆ. ಬಾಡೂಟ ಭಾನುವಾರ, ಅಪರೂಪಕ್ಕೆ ಬುಧವಾರ. ಸೋಮವಾರ ಮತ್ತು ಶನಿವಾರ ಮೊಟ್ಟೆಯೂ ಮನೆಯೊಳಗೆ ಬರುವಂತಿಲ್ಲ.

ಗೇನರ್ ಬಿಟ್ಟು ಕೂಡಿದರೆ ದಿನಕ್ಕೆ ಸುಮಾರು 1,700 ಕ್ಯಾಲೊರಿ, 40 ಗ್ರಾಂ ಪ್ರೋಟೀನ್. ಅವನ ತೂಕ, ಎತ್ತರ, ಓಡಾಟಕ್ಕೆ ಇರುವ ತೂಕ ಉಳಿಸಿಕೊಳ್ಳಲೇ 2,300ರಿಂದ 2,400 ಬೇಕು. ಏರಬೇಕೆಂದರೆ ಅದರ ಮೇಲೆ ಇನ್ನೂ ಮುನ್ನೂರು. ಪ್ರೋಟೀನ್ ವಿಷಯದಲ್ಲಿ, ಸಾಮಾನ್ಯ ಜನರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) ಹೇಳುವುದು ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ 1.6 ಗ್ರಾಂ ಸಾಕು ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಅದರಾಚೆ ತಿಂದಷ್ಟೂ ಲಾಭ ಕಡಿಮೆ. ಇವನಿಗೆ 54 ಇಂಟು 1.6, ಅಂದರೆ 86 ಗ್ರಾಂ. ಸಾಮಾನ್ಯ ಜನರ ಮಟ್ಟವನ್ನೇ ಅವನು ಊಟದಲ್ಲಿ ಮುಟ್ಟುತ್ತಿರಲಿಲ್ಲ, ಆದರೆ ನಾಲ್ಕು ಬಗೆಯ ಪುಡಿ ಕುಡಿಯುತ್ತಿದ್ದ.

ಹೀಗಿದ್ದೂ ಮನೆಯಲ್ಲಿ ಕಾಳು ವಾರಕ್ಕೆ ನಾಲ್ಕು ದಿನ ಬೇಯುತ್ತಿತ್ತು. ಹಾಗಾದರೆ ಅದೆಲ್ಲ ಎಲ್ಲಿ ಹೋಗುತ್ತಿತ್ತು? ತಾಯಿಯನ್ನು ಅಡುಗೆ ಮಾಡುವ ಬಗೆ ಕೇಳಿದಾಗ ಗೊತ್ತಾಯಿತು. ಹುರುಳಿ ಬೇಯಿಸುತ್ತಾರೆ. ಕಟ್ಟು ಬಸಿದು ಸಾರು ಮಾಡುತ್ತಾರೆ. ಬೆಂದ ಕಾಳಿನಲ್ಲಿ ಒಂದು ಹಿಡಿ ಖಾರದ ಜೊತೆ ಅರೆಯಲು, ಒಂದಿಷ್ಟು ಉಸ್ಲಿಗೆ. ಉಳಿದದ್ದು? "ಹಸಕ್ಕೆ ಹಾಕ್ತೀವಿ ಮೇಡಂ, ಹಾಲು ಚೆನ್ನಾಗ್ ಕೊಡ್ತದೆ." ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ. ಒಣ ಹುರುಳಿಯಲ್ಲಿ ನೂರು ಗ್ರಾಂಗೆ 22 ಗ್ರಾಂ ಪ್ರೋಟೀನ್ ಇದೆ. ಬೇಯಿಸಿದಾಗ ಅದರ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಕಟ್ಟಿಗೆ ಬರುವುದು ರುಚಿ, ಬಣ್ಣ, ಒಂದಷ್ಟು ಖನಿಜ. ಹುಡುಗ ಕಟ್ಟು ಕುಡಿಯುತ್ತಿದ್ದ, ಹಸು ಪ್ರೋಟೀನ್ ತಿನ್ನುತ್ತಿತ್ತು.

ಬಸ್ಸಾರಿನಲ್ಲೂ ಅದೇ ಕತೆ. ಕಾಳು ಮತ್ತು ಸೊಪ್ಪು ಬೆಂದ ನೀರು ಬಸಿದರೆ ಸಾರು, ಬಸಿದ ಕಾಳು ಸೊಪ್ಪು ಪಲ್ಯ. ಪಲ್ಯವನ್ನು ಇವನು ತಟ್ಟೆಯ ಮೂಲೆಗೆ ಎರಡು ಚಮಚ ಹಾಕಿಸಿಕೊಳ್ಳುತ್ತಿದ್ದ. "ಮುದ್ದೆಗೆ ಸಾರು ಸಾಕು" ಅಂತ.

ಮುದ್ದೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಟ್ರೈನರ್ ಅದನ್ನು ಬಿಡಿಸಿ ಓಟ್ಸ್ ತಿನ್ನಲು ಹೇಳಿದ್ದರು. ಅಜ್ಜಿ ಹಿಟ್ಟು ತಿಂದವನಿಗೆ ಬೇರೇನೂ ಬೇಡ ಎನ್ನುತ್ತಿದ್ದರು. ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಮುನ್ನೂರಿಪ್ಪತ್ತರಷ್ಟು ಕ್ಯಾಲೊರಿ, 7 ಗ್ರಾಂ ಪ್ರೋಟೀನ್, ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಭಾರ ಎತ್ತುವವನಿಗೆ ಒಳ್ಳೆಯ ಇಂಧನ. ಅಮೈನೋ ಆಮ್ಲಗಳೆಂದರೆ ಪ್ರೋಟೀನಿನ ಇಟ್ಟಿಗೆಗಳು. ರಾಗಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕೊರತೆಯಿರುವ ಮೆಥಿಯೋನಿನ್ ರಾಗಿಯಲ್ಲಿದೆ. ಮುದ್ದೆ ಮತ್ತು ಕಾಳು ಒಂದಕ್ಕೊಂದು ಜೋಡಿ. ಆದರೆ ಕಾಳು ತಿಂದರೆ ಮಾತ್ರ.

ಡಬ್ಬಗಳು

ಗೇನರ್: ಮೂರು ಕೆ.ಜಿ. ಡಬ್ಬಕ್ಕೆ ₹2,400 ಕೊಟ್ಟಿದ್ದ. ಲೇಬಲ್ ತಿರುಗಿಸಿ ಓದಿದೆವು. ನೂರು ಗ್ರಾಂ ಪುಡಿಗೆ 15 ಗ್ರಾಂ ಪ್ರೋಟೀನ್, 75 ಗ್ರಾಂ ಕಾರ್ಬೋಹೈಡ್ರೇಟ್. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮಾಲ್ಟೋಡೆಕ್ಸ್‌ಟ್ರಿನ್. ಪಟ್ಟಿಯಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು ಎಂಬುದು ನಿಯಮ. ಮಾಲ್ಟೋಡೆಕ್ಸ್‌ಟ್ರಿನ್ ಎಂದರೆ ಮೆಕ್ಕೆಜೋಳದಂಥ ಧಾನ್ಯದ ಪಿಷ್ಟವನ್ನು ಒಡೆದು ಮಾಡಿದ ಪುಡಿ. ಅನ್ನ, ಮುದ್ದೆ, ಬೆಲ್ಲ ಮೂರೂ ಇರುವ ಮಂಡ್ಯದ ಮನೆಗೆ ಪಿಷ್ಟ ಹೊರಗಿಂದ ಬರಬೇಕಿತ್ತೇ?

ದುಡ್ಡಿಗಿಂತ ಇನ್ನೊಂದು ತೊಂದರೆ ದೊಡ್ಡದು. ಎಂಟು ಗಂಟೆಗೆ ಗೇನರ್ ಕುಡಿದರೆ ಹೊಟ್ಟೆ ಉಬ್ಬರ. ಒಂಬತ್ತಕ್ಕೆ ಊಟಕ್ಕೆ ಕೂತಾಗ ಅರ್ಧ ಮುದ್ದೆ, ಅನ್ನ ಬೇಡ. ಪುಡಿಯಿಂದ ಬಂದ ಕ್ಯಾಲೊರಿಯ ಹೆಚ್ಚು ಭಾಗ ಊಟದಿಂದ ಕಳೆದುಹೋಗುತ್ತಿತ್ತು. ಐದು ಡಬ್ಬ ಮುಗಿದರೂ ತಕ್ಕಡಿ ಮುಳ್ಳು ಏಕೆ ಅಲುಗಾಡಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ರಹಸ್ಯ ಬೇಕಿಲ್ಲ.

ಆ ದುಡ್ಡು ಬಂದದ್ದು ಡೇರಿಯ ಬಟವಾಡೆಯಿಂದ. ಗೇನರ್‌ನೊಳಗಿನ ಪ್ರೋಟೀನ್ ವ್ಹೇ, ಅಂದರೆ ಚೀಸ್ ಮಾಡುವಾಗ ಹಾಲಿನ ಗಟ್ಟಿ ಭಾಗ ತೆಗೆದು ಉಳಿಯುವ ತಿಳಿನೀರನ್ನು ಸೋಸಿ ಒಣಗಿಸಿದ್ದು. ಮನೆಯ ಹಾಲನ್ನು ಟೀಗೆ ಅರ್ಧ ಲೀಟರ್ ಇಟ್ಟುಕೊಂಡು ಉಳಿದದ್ದೆಲ್ಲ ಡೇರಿಗೆ ಅಳೆದು, ಆ ದುಡ್ಡಲ್ಲಿ ಯಾವುದೋ ದೇಶದ ಹಸುವಿನ ತಿಳಿನೀರು ಕೊಳ್ಳುತ್ತಿದ್ದರು. ಇದನ್ನು ಹೇಳಿದಾಗ ತಾಯಿ ಮಗನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಬಿಸಿಎಎ: ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಅಮೈನೋ ಆಮ್ಲಗಳು ಒಂಬತ್ತು. ಬಿಸಿಎಎಯಲ್ಲಿರುವುದು ಮೂರು. ಉಳಿದ ಆರಿಲ್ಲದೆ ಸ್ನಾಯು ಕಟ್ಟಲಾಗದು. ಊಟದಲ್ಲಿ ಪ್ರೋಟೀನ್ ಸಾಕಷ್ಟಿದ್ದರೆ ಈ ಮೂರೂ ಅದರಲ್ಲೇ ಬಂದಿರುತ್ತವೆ. ಸುಮ್ನೆ ಬಣ್ಣದ ನೀರಿಗೆ ₹1,500. ಇದರ ಬಗ್ಗೆ ನನಗೆ ಎರಡು ಅಭಿಪ್ರಾಯವಿಲ್ಲ.

ಪ್ರೀ ವರ್ಕೌಟ್: ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿ. ಒಂದು ಸ್ಕೂಪ್‌ನಲ್ಲಿ 250 ಮಿಲಿಗ್ರಾಂ ಕೆಫೀನ್, ಸಂಜೆ ಆರೂವರೆಗೆ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಹನ್ನೊಂದೂವರೆಗೂ ಒಂದು ದೊಡ್ಡ ಲೋಟ ಕಾಫಿಯಷ್ಟು ರಕ್ತದಲ್ಲಿ ಓಡಾಡುತ್ತಿರುತ್ತದೆ. ಒಂದು ಗಂಟೆಯವರೆಗೆ ನಿದ್ದೆ ಬರುತ್ತಿರಲಿಲ್ಲ, ಬೆಳಗ್ಗೆ ಎದ್ದರೆ ತಿಂಡಿ ಸೇರುತ್ತಿರಲಿಲ್ಲ. ಕುಡಿದ ಹತ್ತು ನಿಮಿಷಕ್ಕೆ ಮುಖ, ಕಿವಿ ಜುಮುಜುಮು ಎನ್ನುವುದನ್ನು ಅವನು 'ಕೆಲಸ ಮಾಡ್ತಾ ಇದೆ' ಎಂದುಕೊಂಡಿದ್ದ. ಅದು ಬೀಟಾ ಅಲನಿನ್ ಎಂಬ ಪದಾರ್ಥ ಚರ್ಮದ ನರಗಳನ್ನು ಕೆಣಕುವುದರಿಂದ ಆಗುವುದು. ಅಪಾಯವಿಲ್ಲ, ಆದರೆ ಸ್ನಾಯು ಬೆಳೆಯುವುದಕ್ಕೂ ಆ ಜುಮುಜುಮುಗೂ ಸಂಬಂಧವಿಲ್ಲ.

ಕ್ರಿಯೇಟಿನ್: ನಾಲ್ಕರಲ್ಲಿ ನಿಜಕ್ಕೂ ಆಧಾರವಿರುವುದು ಇದೊಂದೇ. ಕಡಿಮೆ ಬೆಲೆಯದ್ದೂ ಇದೇ. ವಿಚಿತ್ರ ಅಂದರೆ ಮನೆಯವರು ಮೊದಲು ಎಸೆಯಲು ಹೊರಟದ್ದೂ ಇದನ್ನೇ! ದಿನಕ್ಕೆ 3ರಿಂದ 5 ಗ್ರಾಂ ಮಾನೋಹೈಡ್ರೇಟ್ ಸಾಕು. ಇಪ್ಪತ್ತು ಗ್ರಾಂ 'ಲೋಡಿಂಗ್' ಮಾಡಿದರೆ ಸ್ನಾಯು ವಾರದೊಳಗೆ ತುಂಬುತ್ತದೆ, ಮೂರು ಗ್ರಾಂನಲ್ಲಿ ನಾಲ್ಕು ವಾರ ಹಿಡಿಯುತ್ತದೆ. ಸೇರುವ ಜಾಗ ಒಂದೇ. ಮೊದಲಿಗೆ ಸ್ನಾಯುವಿನೊಳಗೆ ನೀರು ಹಿಡಿದು ತೂಕ ಸ್ವಲ್ಪ ಏರುತ್ತದೆ, ಅದನ್ನು ಮಾಂಸ ಎಂದು ಲೆಕ್ಕ ಹಾಕಬಾರದು.

ಬದಲಾಯಿಸಿದ್ದೇನು

ಮನೆಯಲ್ಲಿರುವುದನ್ನೇ ಮೊದಲು ಹಿಡಿದೆವು. ಡೇರಿಗೆ ಹೋಗುವ ಹಾಲಿನಲ್ಲಿ ಅರ್ಧ ಲೀಟರ್ ಮಗನಿಗೆ, ಕಾಯಿಸಿ, ಬೆಳಗ್ಗೆ ಒಂದು ಲೋಟ, ಮಲಗುವಾಗ ಒಂದು ಲೋಟ. ಅದು 16 ಗ್ರಾಂ ಪ್ರೋಟೀನ್. ಬೆಳಗ್ಗೆ ಬೇಯಿಸಿದ ಮೂರು ಮೊಟ್ಟೆ, 18 ಗ್ರಾಂ. ಕಾಲೇಜಿನ ಬ್ಯಾಗಿಗೆ ಹುರಿಗಡಲೆ, ಕಡಲೆಬೀಜ ತಲಾ ಒಂದು ಹಿಡಿ, ಜೊತೆಗೆ ಒಂದು ಅಚ್ಚು ಬೆಲ್ಲ. ಅಲ್ಲಿ 13-14 ಗ್ರಾಂ. ಮಧ್ಯಾಹ್ನದ ಡಬ್ಬಿಗೆ ಮಜ್ಜಿಗೆ ಬದಲು ಗಟ್ಟಿ ಮೊಸರು. ಜಿಮ್‌ಗೆ ಮೊದಲು ಎರಡು ಬಾಳೆಹಣ್ಣು. ರಾತ್ರಿ ಮುದ್ದೆ ಪೂರ್ತಿ, ಸಾರಿನ ಜೊತೆ ಒಂದು ಬಟ್ಟಲು ಕಾಳು. ಉಸ್ಲಿ, ಪಲ್ಯ, ಮೊಳಕೆ ಕಾಳಿನ ಸಾರು, ಏನಾದರೂ ಸರಿ, ಕಾಳು ಕಣ್ಣಿಗೆ ಕಾಣಬೇಕು. ಒಟ್ಟು 90 ಗ್ರಾಂ ಮೇಲೆ, ಕ್ಯಾಲೊರಿ 2,700ರ ಸುತ್ತ. ಹೊಸದಾಗಿ ಖರ್ಚಾದ ದುಡ್ಡು ಮೊಟ್ಟೆ, ಕಡಲೆ, ಬಾಳೆಹಣ್ಣಿಗೆ ಮಾತ್ರ. ತಿಂಗಳಿಗೆ ಗೇನರ್‌ನ ಅರ್ಧ ಬೆಲೆಯೂ ಆಗಲಿಲ್ಲ.

ತಾತ ಗರಡಿಗೆ ಹೋದವರಂತೆ. ಹಸಿ ಮೊಟ್ಟೆ ಒಡೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರಂತೆ. ಮೊಮ್ಮಗನಿಗೂ ಅದನ್ನೇ ಹೇಳಿದ್ದರು. ಗರಡಿ ಪೈಲ್ವಾನರ ಹಾಲು, ಬಾದಾಮಿ, ತುಪ್ಪದ ಬಗ್ಗೆ ನನಗೆ ಗೌರವವಿದೆ, ಅದರಲ್ಲಿ ತಪ್ಪೇನೂ ಇಲ್ಲ. ಹಸಿ ಮೊಟ್ಟೆ ಮಾತ್ರ ಬೇಡ. ಬೆಂದ ಮೊಟ್ಟೆಯ ಪ್ರೋಟೀನ್ ಸುಮಾರು ನೂರಕ್ಕೆ 90 ಭಾಗ ಜೀರ್ಣವಾಗುತ್ತದೆ, ಹಸಿಯದು ಅರ್ಧದಷ್ಟೇ. ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ.

ತಾಯಿಯ ತಕರಾರು ಇನ್ನೊಂದು. ಹುರುಳಿ ಉಷ್ಣ, ಮೊಟ್ಟೆ ಉಷ್ಣ, ದಿನಾ ತಿಂದರೆ ಬಾಯಿ ಹುಣ್ಣಾಗುತ್ತದೆ. ಇದರ ಮೇಲೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ, ಗೆಲ್ಲುವ ಅಗತ್ಯವೂ ಇರಲಿಲ್ಲ. ಬೇಸಿಗೆಯಲ್ಲಿ ಹುರುಳಿ ಬದಲು ಹೆಸರುಕಾಳು, ಅಲಸಂದೆ. ಪ್ರೋಟೀನ್ ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದೇ. ಸೋಮವಾರ, ಶನಿವಾರಕ್ಕೆ ಸೋಯಾ ಚಂಕ್ಸ್. ನೂರು ಗ್ರಾಂ ಒಣ ಚಂಕ್ಸ್‌ನಲ್ಲಿ 52 ಗ್ರಾಂ ಪ್ರೋಟೀನ್. 40 ಗ್ರಾಂ ನೆನೆಸಿ, ಹಿಂಡಿ, ಚಿತ್ರಾನ್ನಕ್ಕೋ ಸಾಗುವಿಗೋ ಹಾಕಿದರೆ ಮೂರು ಮೊಟ್ಟೆಗೆ ಸಮ. ಮೊದಲ ಸಲ ಹುಡುಗನಿಗೆ ಸೇರಲಿಲ್ಲ. ನೀರನ್ನು ಎರಡು ಸಲ ಬದಲಿಸಿ ಹಿಂಡಿದ ಮೇಲೆ ಆ ವಾಸನೆ ಹೋಯಿತು.

ವ್ಯಾಯಾಮದಲ್ಲಿ ವಾರಕ್ಕೆ ಆರು ದಿನ ಒಂದೊಂದು ಭಾಗ ಮಾಡುವುದನ್ನು ಬಿಡಿಸಿ ಮೂರು ದಿನ ಪೂರ್ತಿ ಮೈಗೆ ತಂದೆವು. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ರೋ, ಭುಜ. ಬರೆದಿಟ್ಟುಕೊಂಡು ನಿಧಾನಕ್ಕೆ ಭಾರ ಏರಿಸುವುದು. ಹನ್ನೊಂದಕ್ಕೆ ಮಲಗುವುದು.

ನಡೆದದ್ದು

ಮೊದಲ ತಿಂಗಳು ಒಂದೂವರೆ ಕಿಲೋ ಏರಿತು. ಹುಡುಗ ಹಿಗ್ಗಿದ. ನಾನು ಅಷ್ಟು ಹಿಗ್ಗಲಿಲ್ಲ. ಅದರಲ್ಲಿ ಹೊಟ್ಟೆಯೊಳಗಿನ ಊಟ, ಸ್ನಾಯುವಿನ ನೀರು ಎಲ್ಲ ಸೇರಿತ್ತು. ಎರಡನೇ ತಿಂಗಳು ಒಂದು ಕಿಲೋ, ಅದು ಸರಿಯಾದ ವೇಗ. ಆಮೇಲೆ ಶ್ರಾವಣ ಬಂತು. ಮನೆಯಲ್ಲಿ ತಿಂಗಳಿಡೀ ಮಾಂಸವಿಲ್ಲ, ಮೊಟ್ಟೆಯಿಲ್ಲ. ಸೋಯಾ ದಿನಾ ತಿನ್ನಲಾರೆ ಎಂದ. ತೂಕ ಅಲ್ಲೇ ನಿಂತಿತು. ಹಾಲು ಮುಕ್ಕಾಲು ಲೀಟರ್ ಮಾಡಿ, ಕಡಲೆಬೀಜದ ಚಟ್ನಿಪುಡಿ, ಪನೀರ್ ಸೇರಿಸಿ ಹೇಗೋ ಇಳಿಯದಂತೆ ನೋಡಿಕೊಂಡೆವು. ವ್ರತ ಬಿಡಿ ಎಂದು ಹೇಳುವ ಆಹಾರ ತಜ್ಞರಿದ್ದಾರೆ. ವರ್ಷಕ್ಕೊಂದು ತಿಂಗಳು ತೂಕ ನಿಂತರೆ ಯಾರ ಗಂಟೂ ಹೋಗುವುದಿಲ್ಲ.

ನಾಲ್ಕು ತಿಂಗಳ ಕೊನೆಗೆ 58.4 ಕೆ.ಜಿ. ಸೊಂಟ 71ರಿಂದ 73 ಸೆಂ.ಮೀ. ಸ್ಕ್ವಾಟ್ 40 ಕಿಲೋದಿಂದ 70ಕ್ಕೆ, ಐದು ರೆಪ್ಸ್. ಪತ್ರಿಕೆಯ ಮುಖಪುಟಕ್ಕೆ ಹೋಗುವ ಮೈಯಲ್ಲ. ಆದರೆ ಅಂಗಿಯ ತೋಳು ಬಿಗಿಯಾಗಿತ್ತು.

ಇದರ ಮಧ್ಯೆ ಒಂದು ಘಟನೆ. ಅದೇ ಜಿಮ್‌ನಲ್ಲಿ ಒಬ್ಬ ಇವನಿಗಿಂತ ಬೇಗ ಬೆಳೆಯುತ್ತಿದ್ದ. ಎಂಟು ವಾರದಲ್ಲಿ ಏಳು ಕಿಲೋ. ಇವನು ವಿಚಾರಿಸಿದಾಗ ಹೆಸರಿಲ್ಲದ ಡಬ್ಬಿಯ ಮಾತ್ರೆ ಸಿಕ್ಕಿತು. 'ಹರ್ಬಲ್' ಎಂದು ಹೇಳಿ ಕೊಟ್ಟಿದ್ದರು. ಪುಣ್ಯಕ್ಕೆ ನುಂಗುವ ಮೊದಲು ಫೋಟೊ ಕಳಿಸಿದ. ಅದರಲ್ಲಿ ಏನಿತ್ತೋ ಫೋಟೊ ನೋಡಿ ಹೇಳಲಾಗದು. ಆದರೆ ಲೇಬಲ್ ಇಲ್ಲದೆ, ಬಿಲ್ ಇಲ್ಲದೆ, ಜಿಮ್‌ನಲ್ಲಿ ಕೈಯಿಂದ ಕೈಗೆ ಬರುವ 'ಬೇಗ ಬೆಳೆಯುವ' ಮಾತ್ರೆ ಎಂದರೆ ಮೊದಲ ಅನುಮಾನ ಸ್ಟೆರಾಯ್ಡ್. ಇಂಥವು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧಿಗಳು. ಬಾಯಿಂದ ನುಂಗುವ ಬಗೆಯವು ಲಿವರ್‌ಗೆ ನೇರ ಹೊಡೆತ. ಇಪ್ಪತ್ತೊಂದರ ಹುಡುಗನ ವೃಷಣ ತಾನೇ ತಯಾರಿಸುತ್ತಿದ್ದ ಹಾರ್ಮೋನನ್ನು ನಿಲ್ಲಿಸಿಬಿಡುತ್ತದೆ, ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತವೆ. ಎದೆಯಲ್ಲಿ ಗಂಟು ಬಂದು ಆಪರೇಷನ್‌ವರೆಗೆ ಹೋದವರಿದ್ದಾರೆ. ಬಿಟ್ಟ ಮೇಲೆ ಬೆಳೆದ ಮೈಯಲ್ಲಿ ಬಹಳಷ್ಟು ಹೋಗುತ್ತದೆ. ನಾನು ಇದನ್ನೆಲ್ಲ ಹೇಳಿದೆ. ಅವನನ್ನು ತಡೆದದ್ದು ಬಹುಶಃ ನನ್ನ ಮಾತಲ್ಲ, ಲ್ಯಾಬ್ ರಿಪೋರ್ಟ್ ಹಿಡಿದು ಕೂತ ಆ ಹತ್ತು ದಿನಗಳ ಭಯ. ಸುಳ್ಳು ಭಯವೇ ಆದರೂ ಒಂದು ಉಪಕಾರ ಮಾಡಿತು.

ಡಿಗ್ರಿ ಮುಗಿದು ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಪಿಜಿ ವಾಸ. ಹಾಲಿಲ್ಲ, ಕಾಳಿಲ್ಲ. ಬೆಳಗ್ಗೆ ಪುಳಿಯೋಗರೆ, ರಾತ್ರಿ ತಿಳಿಸಾರು. ಈಗ ವ್ಹೇ ಪುಡಿ ಕೊಳ್ಳುವುದರಲ್ಲಿ ಅರ್ಥವಿತ್ತು. 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎನ್ನುತ್ತದೆ. ಮನೆಯೂಟ ಇರುವವರಿಗೆ ಆ ಮಾತು ಸರಿ. ಪಿಜಿಯ ಹುಡುಗನಿಗೆ ದಿನಕ್ಕೊಂದು ಸ್ಕೂಪ್ ತೊಂದರೆಯಿಲ್ಲ ಎಂದು ನನ್ನ ಅಭಿಪ್ರಾಯ, ಆದರೆ ನೋಡಿ ಕೊಳ್ಳಬೇಕು. ಅದೇ ವರ್ಷ ಕೇರಳದ ವೈದ್ಯರ ತಂಡ ದೇಶದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 70 ಭಾಗದ ಲೇಬಲ್ಲಿಗೂ ಒಳಗಿನ ಪ್ರೋಟೀನಿಗೂ ತಾಳೆಯಾಗಲಿಲ್ಲ. ಮೋಸದ ದಾರಿ ಹಳೆಯದು. ಸಾಮಾನ್ಯ ಪರೀಕ್ಷೆ ಅಳೆಯುವುದು ಪ್ರೋಟೀನನ್ನಲ್ಲ, ಅದರೊಳಗಿನ ಸಾರಜನಕವನ್ನು. ಸಾರಜನಕವಿರುವ ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿದರೂ ಸಂಖ್ಯೆ ಏರುತ್ತದೆ. 2008ರಲ್ಲಿ ಚೀನಾದ ಹಾಲಿನ ಪುಡಿಗೆ ಮೆಲಮಿನ್ ಎಂಬ ರಾಸಾಯನಿಕ ಬೆರೆಸಿದ್ದೂ ಇದೇ ಲೆಕ್ಕದಲ್ಲಿ.

ಹಾಗಾಗಿ ನೋಡಿದ್ದು ಇಷ್ಟು. ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಲೈಸೆನ್ಸ್ ಸಂಖ್ಯೆ, ವಿದೇಶದ್ದಾದರೆ ಆಮದುದಾರರ ವಿವರದ ಚೀಟಿ, ನೂರು ಗ್ರಾಂಗೆ 70ಕ್ಕಿಂತ ಹೆಚ್ಚು ಪ್ರೋಟೀನ್, ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಬೇರೆ ಹೆಸರಾಗಿ ಇರಬಾರದು, ಹೊರಗಿನ ಲ್ಯಾಬ್‌ನ ವರದಿಯನ್ನು ಬ್ಯಾಚ್ ಸಂಖ್ಯೆಯೊಂದಿಗೆ ತೋರಿಸುವ ಕಂಪನಿಯಾದರೆ ಒಳ್ಳೆಯದು. ಆಮೇಲೆ ಒಂದು ಗ್ರಾಂ ಪ್ರೋಟೀನ್ ಎಷ್ಟಕ್ಕೆ ಬೀಳುತ್ತದೆ ಎಂದು ಭಾಗಿಸಿದೆವು. ಅವನ ಹಳೆಯ ಗೇನರ್‌ನಲ್ಲಿ ₹5ರ ಮೇಲೆ. ಈ ವ್ಹೇನಲ್ಲಿ ಮೂರು ರೂಪಾಯಿಯೊಳಗೆ. ಮೊಟ್ಟೆಯಲ್ಲಿ ಒಂದು ರೂಪಾಯಿ ಚಿಲ್ಲರೆ. ಸೋಯಾದಲ್ಲಿ ಮೂವತ್ತು ಪೈಸೆ. ಲೆಕ್ಕ ಮುಗಿದ ಮೇಲೆ ಅವನು ವ್ಹೇಗಿಂತ ಮೊದಲು ಕೊಂಡದ್ದು ಮೊಟ್ಟೆ ಬೇಯಿಸುವ ಸಣ್ಣ ಕರೆಂಟ್ ಕುಕ್ಕರ್.

ಕೆಲಸಕ್ಕೆ ಸೇರುವಾಗ ಕಂಪನಿಯ ವೈದ್ಯಕೀಯ ಪರೀಕ್ಷೆ ಇತ್ತು. ಐದು ದಿನ ಜಿಮ್‌ಗೆ ಹೋಗಲಿಲ್ಲ, ಹಿಂದಿನ ದಿನ ಮಾಂಸ ತಿನ್ನಲಿಲ್ಲ, ದಿನಕ್ಕೆ 3 ಗ್ರಾಂ ಕ್ರಿಯೇಟಿನ್ ತೆಗೆದುಕೊಳ್ಳುತ್ತಿರುವುದನ್ನು ಡಾಕ್ಟರಿಗೆ ಮೊದಲೇ ಹೇಳಿ ಚೀಟಿಯ ಮೇಲೆ ಬರೆಸಿದ. ಕ್ರಿಯಾಟಿನಿನ್ 1.15 ಬಂತು, ಉಳಿದದ್ದೆಲ್ಲ ಮಿತಿಯೊಳಗಿತ್ತು. ಊರಿನಿಂದ ತಾಯಿ ಈಗ ಹದಿನೈದು ದಿನಕ್ಕೊಮ್ಮೆ ಹುರಿಗಡಲೆ, ಕಡಲೆಬೀಜ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಾರೆ. ಹುರುಳಿ ಕಾಳಿನಲ್ಲಿ ಹಸುವಿನ ಪಾಲು ಕಡಿಮೆಯಾಗಿ ಹಾಲು ಇಳಿಯಿತೇ ಎಂದು ಕೇಳಿದೆ. ಹಿಂಡಿ ಸ್ವಲ್ಪ ಜಾಸ್ತಿ ಮಾಡಿದ್ದಾರಂತೆ.